ಹುಳದ ಮನೆಯ ಬಾಗಿಲು

ಜರ್ಮನಿಯ ಈ ಪುಟ್ಟ ಊರಿನಲ್ಲಿ ನನಗೆ ಸಿಕ್ಕ ಬಾಡಿಗೆ ಮನೆಗೆ ಅಡುಗೆಮನೆಯೇ ಇರಲಿಲ್ಲ. ಕೋಣೆ ಇತ್ತು, ಗೋಡೆಯಿಂದ ಎರಡು ಪೈಪು ಚಾಚಿಕೊಂಡಿದ್ದವು, ಅಷ್ಟೆ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಹಿಂದಿನವರು ಕಿತ್ತುಕೊಂಡು ಹೋಗಿದ್ದರು. ಇಲ್ಲಿ ಅದೇ ವಾಡಿಕೆಯಂತೆ. ಮನೆ ಖಾಲಿ ಮಾಡುವ ಜಿಪುಣರು ಗೋಡೆಯ ಮೊಳೆಯನ್ನೂ ಬಿಡುವುದಿಲ್ಲವೆಂದು ನಮ್ಮ ಕೆಂಚಾರ್ಲಹಳ್ಳಿಯಲ್ಲಿ ಆಡಿಕೊಳ್ಳುತ್ತೇವಲ್ಲ, ಇವರು ಅದನ್ನು ನಿಜ ಮಾಡಿದ್ದರು. ನಗು ಬರಬೇಕಿತ್ತು, ಬರಲಿಲ್ಲ. ಬಹಳ ದಿನ ಬಚ್ಚಲಿನ ನಲ್ಲಿಯಲ್ಲೇ ಅಕ್ಕಿ ತೊಳೆದೆ.

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಕೆಳಮನೆಯ ಒಡತಿ ನನಗೆ ಕಲಿಸಿದ ಮೊದಲ ಪದ ‘ಲುಫ್ಟೆನ್’. ಎಷ್ಟೇ ಚಳಿಯಿರಲಿ, ದಿನಾ ಬೆಳಿಗ್ಗೆ ಕಿಟಕಿಗಳನ್ನೆಲ್ಲ ತೆರೆದು ಒಳಗಿನ ತೇವವನ್ನು ಹೊರಗೆ ಹಾಕುವುದು. ಇಲ್ಲದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ತೇವ ಅಳೆಯುವ ಪುಟ್ಟ ಮೀಟರೊಂದನ್ನೂ ತಂದು ಗೋಡೆಗೆ ತೂಗುಹಾಕಿದಳು. ಬಂದಾಗೆಲ್ಲ ಮೊದಲು ಅದರ ಮುಖ ನೋಡುತ್ತಾಳೆ, ಆಮೇಲೆ ನನ್ನದು. ನಮ್ಮ ರೇಷ್ಮೆಹುಳದ ಮನೆಯಲ್ಲಿ ಎಲ್ಲ ಇದಕ್ಕೆ ಉಲ್ಟಾ. ಬೇಸಿಗೆಯಲ್ಲಿ ಹುಳಕ್ಕೆ ಹಾಕಿದ ಸೊಪ್ಪು ಬಾಡಬಾರದೆಂದು ಅಮ್ಮ ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟುತ್ತಾಳೆ.

ಆ ಮೀಟರಿನ ಬಗ್ಗೆ ಹುಡುಕುತ್ತ ಇಂಟರ್ನೆಟ್ಟಿನ ಒಂದು ಗುಂಪಿಗೆ ಸೇರಿದೆ. ಹುಳದ ಮನೆಗೆ ಅಗ್ಗದ ತೇವಮಾಪಕವೊಂದನ್ನು ಹತ್ತಾರು ದೇಶದವರು ಕೂಡಿ ರೂಪಿಸುತ್ತಿದ್ದರು. ಒಬ್ಬರು ಡಬ್ಬಿಯ ನಕ್ಷೆ ಬರೆಯುವವರು, ಒಬ್ಬರು ಪ್ರೋಗ್ರಾಂ ಬರೆಯುವವರು, ಇಬ್ಬರು ಬರೀ ಜಗಳವಾಡುವವರು, ಉಳಿದವರು ಸುಮ್ಮನೆ ನೋಡುವವರು. ನಾನೂ ನೋಡುವವಳೇ ಆಗಿದ್ದೆ. ಒಮ್ಮೆ ಗೋಣಿಚೀಲದ ವಿಷಯ ಬರೆದೆ ನೋಡಿ, ಪ್ರಶ್ನೆಗಳ ಸುರಿಮಳೆ. ಕೆಲವೇ ದಿನಗಳಲ್ಲಿ ನನ್ನ ಹೆಸರಿನ ಪಕ್ಕ ಹೊಸ ಹಣೆಪಟ್ಟಿ ಬಂತು: ‘ಹುಳ ಸಾಕುವವರು’. ಹುಳ ಮುಟ್ಟಿ ವರ್ಷಗಳಾಗಿದ್ದವು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅವರಿಗೆ ನಾನೂ ಹಾಗೇ ಕಂಡಿರಬೇಕು. ಆದರೂ ಇಡೀ ದಿನದಲ್ಲಿ ನನ್ನ ಮಾತಿಗೆ ಕಾಯುವವರು ಅವರು ಮಾತ್ರ. ಆ ಪಟ್ಟಿ ನನಗೆ ಬೇಕಾಗಿತ್ತು.

ಮಾಪಕವನ್ನು ನಿಜವಾದ ಹುಳದ ಮನೆಯಲ್ಲಿಟ್ಟು ನೋಡಬೇಕೆಂದು ಗುಂಪು ತೀರ್ಮಾನಿಸಿತು. ರಜೆಗೆ ಊರಿಗೆ ಹೊರಟಿದ್ದೆ, ಅವರು ಕಳಿಸಿದ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡೆ. ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಊರಲ್ಲಿಳಿದವಳು ನೆಟ್ಟಗೆ ಹುಳದ ಮನೆಗೇ ನಡೆದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅಲ್ಲೇ ನಿಲ್ಲಮ್ಮ. ಹುಳ ನಾಲ್ಕನೇ ಜ್ವರ ಎದ್ದವೆ. ಹೊರಗಿನೋರು ಒಳಕ್ಕೆ ಬರಂಗಿಲ್ಲ.”

ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ನಾಲ್ಕನೆಯದು ಮುಗಿದರೆ ಗೂಡು ಕಟ್ಟುವ ದಿನ ಹತ್ತಿರ. ಈ ಕಟ್ಟಳೆ ನನಗೆ ಗೊತ್ತಿಲ್ಲದ್ದಲ್ಲ. ಅದು ನನಗೂ ಸೇರುತ್ತದೆ ಎಂದು ಹೊಳೆದಿರಲಿಲ್ಲ.

“ಸ್ನಾನ ಮಾಡ್ಕೊಂಡು ಬರ್ತೀನಮ್ಮ.”

“ಆಸ್ಪತ್ರೆ ಕೆಲಸದೋಳು ಕಣೇ ನೀನು. ಹೋದ ಬೆಳೆ ರೋಗ ಬಂದು ಪೂರ್ತಿ ಹೋಯ್ತು. ಗೂಡು ಬಿಡಿಸೋ ಹೊತ್ತಿಗೆ ಬರುವಿಯಂತೆ. ಆ ಡಬ್ಬಿ ಕೊಡಿಲ್ಲಿ.”

ಡಬ್ಬಿಯನ್ನು ಬ್ಲೀಚಿಂಗ್ ನೀರಿನ ಬಟ್ಟೆಯಲ್ಲಿ ಒರೆಸಿ ಒಳಗೆ ಒಯ್ದಳು. ಬಾಗಿಲು ಮುಚ್ಚಿತು. ಅಮ್ಮನ ಮಾತು ಸರಿಯೇ ಇತ್ತು. ಅಳು ಬಂದಿದ್ದರೆ ಹಗುರಾಗುತ್ತಿತ್ತೇನೋ, ಬರಲಿಲ್ಲ. ಗೂಡು ಬಿಡಿಸುವ ಮೊದಲೇ ನನ್ನ ರಜೆ ಮುಗಿಯಿತು.

ವಾಪಸು ಬಂದು ಗುಂಪಿಗೆ ಬರೆದೆ: ಆ ಪಟ್ಟಿ ತೆಗೆಯಿರಿ, ಹುಳ ಸಾಕುವವಳು ನಾನಲ್ಲ. ತೆಗೆದರು. ಈಗ ನನ್ನ ಹೆಸರಿನ ಪಕ್ಕ ‘ನೋಡುಗರು’ ಎಂದಿದೆ.

ದಿನಾ ಬೆಳಿಗ್ಗೆ ಕಿಟಕಿ ತೆರೆದು, ಚಳಿಯಲ್ಲಿ ನಿಂತು, ಆ ಡಬ್ಬಿ ಊರಿನಿಂದ ಕಳಿಸುವ ತೇವದ ಗೆರೆಯನ್ನು ಫೋನಿನಲ್ಲಿ ನೋಡುತ್ತೇನೆ. ಮೊನ್ನೆಯೂ ಅದು ತಟ್ಟನೆ ಇಳಿದು, ಸ್ವಲ್ಪ ಹೊತ್ತಿಗೆ ಮತ್ತೆ ಏರಿತು. ದಿನಾ ಇದೇ ಹೊತ್ತಿಗೆ ಹೀಗೇಕೆ, ಯಂತ್ರ ಕೆಟ್ಟಿದೆಯೇ ಎಂದು ಗುಂಪಿನಲ್ಲಿ ಚರ್ಚೆ ಶುರುವಾಯಿತು. ಯಾರಿಗೂ ತಿಳಿಯಲಿಲ್ಲ.

‘ಯಂತ್ರ ಸರಿಯಾಗಿದೆ’ ಎಂದು ಬರೆದೆ. ‘ಸೊಪ್ಪು ಹಾಕಲು ಅಮ್ಮ ಬಾಗಿಲು ತೆರೆದಿದ್ದಾಳೆ.’