ಅಪ್ಪ ಚಂದ್ರನನ್ನು ನೋಡದೆ ಕಳೆದ ಎರಡು ಸಂಜೆ

೨೦೨೩ರ ಮಾರ್ಚ್ ೨೨ರಂದು, ಯುಗಾದಿಯ ಸಂಜೆ, ನಮ್ಮೂರಿನಲ್ಲಿ ಚಂದ್ರ ಕಾಣಲಿಲ್ಲ. ಅಪ್ಪನಿಗೆ ಬಹಳ ಸಂತೋಷವಾಯಿತು.

ಹೊಸಕೋಟೆ ಕಡೆಯ ನಮ್ಮ ಊರಿನಲ್ಲಿ ಯುಗಾದಿಯ ಚಂದ್ರನನ್ನು ಕಂಡ ಮೇಲೆ ಚಿಕ್ಕವರು ದೊಡ್ಡವರ ಕಾಲಿಗೆ ಬೀಳಬೇಕು. ಅಪ್ಪನಿಗೆ ಉಳಿದಿರುವ ದೊಡ್ಡವರೆಂದರೆ ಪಕ್ಕದ ಮನೆಯ ದೊಡ್ಡಪ್ಪ ಒಬ್ಬರೇ. ಅಣ್ಣತಮ್ಮ ಮಾತು ಬಿಟ್ಟು ವರ್ಷವಾಗಿತ್ತು. ಕಾರಣ, ಲಿವರ್. ಯುಗಾದಿಯ ಮರುದಿನ ಹೊಸತೊಡಕು. ಬೀದಿಯವರು ಸೇರಿ ಕುರಿ ಕಡಿದು, ಬಾಡನ್ನು ಸಮನಾಗಿ ಗುಡ್ಡೆ ಹಾಕಿ, ಮನೆಗೊಂದು ಗುಡ್ಡೆ ಒಯ್ಯುತ್ತಾರೆ. ಹಿಂದಿನ ವರ್ಷ ಗುಡ್ಡೆ ಹಾಕಿದವರು ದೊಡ್ಡಪ್ಪ. ಅಪ್ಪನ ಗುಡ್ಡೆಯಲ್ಲಿ ಲಿವರ್ ಇರಲಿಲ್ಲ. ದೊಡ್ಡಪ್ಪನ ಸಾರಿನಲ್ಲಿ ಎರಡು ಪಾಲು ಇತ್ತು ಎಂಬುದು ಅಪ್ಪನ ಆರೋಪ. ಇದನ್ನು ಕಣ್ಣಾರೆ ಕಂಡವರು ಯಾರೂ ಸಿಕ್ಕಿಲ್ಲ.

ಅಮ್ಮ ಮತ್ತು ದೊಡ್ಡಮ್ಮ ಒಂದು ದಿನವೂ ಮಾತು ಬಿಟ್ಟವರಲ್ಲ. ಎರಡು ತಾರಸಿಗಳ ನಡುವಿನ ಮೋಟುಗೋಡೆಯ ಮೇಲೆ ಒಬ್ಬಟ್ಟು ಅತ್ತಿಂದಿತ್ತ ದಾಟುತ್ತಲೇ ಇತ್ತು. ಚಂದ್ರ ಕಂಡ ಕೂಡಲೇ ಹೋಗಿ ಅಣ್ಣನ ಕಾಲಿಗೆ ಬೀಳುವುದೆಂದು ಅಪ್ಪನಿಂದ ಮಾತು ತೆಗೆದುಕೊಂಡವಳು ಅಮ್ಮ. ಈ ಹಬ್ಬ ತಪ್ಪಿದರೆ ಇನ್ನೊಂದು ವರ್ಷ ಹೀಗೇ.

ಆ ಸಂಜೆ ಇಬ್ಬರೂ ತಮ್ಮ ತಮ್ಮ ತಾರಸಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತರು. ಪಿಲ್ಲಗುಂಪೆಯ ಫ್ಯಾಕ್ಟರಿ ಶೆಡ್ಡುಗಳ ಮೇಲೆ ಒಂದು ದೊಡ್ಡ ಚುಕ್ಕಿ, ಅದಕ್ಕಿಂತ ಬಹಳ ಕೆಳಗೆ ಇನ್ನೊಂದು. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವ ನಾನು ಹಬ್ಬಕ್ಕೆ ಬಂದಿದ್ದೆ. ಫೋನಿನ ಆ್ಯಪ್ ತೆರೆದು, “ಕೆಳಗಿನ ಚುಕ್ಕಿ ಪಕ್ಕದಲ್ಲೇ ಇದಾನಪ್ಪ, ಕಣ್ಣಿಗೆ ಬೀಳ್ತಿಲ್ಲ ಅಷ್ಟೆ” ಎಂದೆ.

“ಫೋನಲ್ಲಿ ಕಂಡ್ರೆ ಫೋನಿಗೇ ಅಡ್ಡಬೀಳು ಹೋಗು.”

ಅಷ್ಟರಲ್ಲಿ ದೊಡ್ಡಪ್ಪ, ದೊಡ್ಡಮ್ಮನಿಗೆ ಹೇಳುವಂತೆ ನಮಗೂ ಕೇಳಿಸುವ ಹಾಗೆ ಕೂಗಿದರು. “ಅಗೋ, ಬೆಳ್ಳಗೆ ಕಾಣ್ತಾ ಅವ್ನೆ!” ಅವರು ತೋರಿಸಿದ್ದು ಮೆಲ್ಲಗೆ ತಿರುಗಿ ಬಡಗಣಕ್ಕೆ ಜಾರಿತು.

ಅಪ್ಪ ಅಮ್ಮನ ಕಡೆ ತಿರುಗಿದರು. “ನಿಮ್ಮ ಭಾವನ ಚಂದ್ರ ದೇವನಹಳ್ಳೀಲಿ ಇಳೀತಾ ಅವ್ನೆ ನೋಡು.”

ಮರುದಿನ ಚಂದ್ರ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಕಂಡ. ಮೇಲೊಂದು ಚುಕ್ಕಿ, ಕೆಳಗೊಂದು, ನಡುವೆ ಕುಡುಗೋಲಿನಂತೆ ಇವನು. ಅಪ್ಪ ಮಾತ್ರ ಹೊತ್ತು ಮುಳುಗುವ ಮೊದಲೇ ಮನೆಯೊಳಗೆ ಸೇರಿ ಕಿಟಕಿ ಮುಚ್ಚಿದ್ದರು. ಆ ವರ್ಷ ಅವರು ಗುಡ್ಡೆಗೆ ಸೇರಿರಲಿಲ್ಲ; ಹೊಸಕೋಟೆಯ ಅಂಗಡಿಯಿಂದ ಬರೀ ಲಿವರ್ ತಂದಿದ್ದರು.

“ಏನ್ರೀ, ಮೇಲಕ್ಕೆ ಬನ್ನಿ, ಕಾಣ್ತಾ ಅವ್ನೆ.”

“ಮಂಡಿ ನೋವು ಕಣೆ.”

ಮಂಡಿ ನೋವಿದ್ದವರು ಎಲೆಅಡಿಕೆ ತರಲು ಅಂಗಡಿಗೆ ಹೋದರು. ತಲೆಯ ಮೇಲೆ ಟವಲ್ ಹೊದ್ದು, ನೆಲ ನೋಡುತ್ತಾ ಹೋಗಿ, ನೆಲ ನೋಡುತ್ತಾ ಬಂದರು.

ದೊಡ್ಡಪ್ಪ ಹೊಸ ಪಂಚೆ ಉಟ್ಟು ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಂದ್ರ ಶೆಡ್ಡುಗಳ ಹಿಂದೆ ಇಳಿಯುವವರೆಗೂ ಏಳಲಿಲ್ಲ. ದೊಡ್ಡಮ್ಮ ಊಟಕ್ಕೆ ಕರೆದಾಗ, ಹಸಿವಿಲ್ಲ ಎಂದರು. ಹೊಸತೊಡಕಿನ ದಿನ ಹಸಿವಿಲ್ಲ ಎನ್ನುವ ಗಂಡಸನ್ನು ನಮ್ಮ ಬೀದಿ ಕಂಡಿರಲಿಲ್ಲ. ಗೋಡೆಯ ಈಚೆ ಅದನ್ನು ಕೇಳಿಸಿಕೊಂಡ ಅಮ್ಮ, ಕೆಳಗಿಳಿದು ಬಂದು, ಅಪ್ಪನಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಮಾರ್ಚ್ ೨೪ರ ಸಂಜೆ ಚಂದ್ರನ ಕೆಳಗೇ ಒಂದು ಚುಕ್ಕಿ, ಓಲೆಗೆ ಮುತ್ತು ಕಟ್ಟಿದ ಹಾಗೆ, ನೇತುಬಿದ್ದಿತ್ತು. ಬೀದಿಯೆಲ್ಲ ಹೊರಗೆ ಬಂತು. ಎದುರು ಮನೆಯವರು ರಂಜಾನಿನ ಮೊದಲ ಉಪವಾಸ ಬಿಟ್ಟು ಬಂದು ಫೋನ್ ಮೇಲೆತ್ತಿ ನಿಂತಿದ್ದರು. ಅಪ್ಪ ಒಳಗೆ ಟೀವಿ ನೋಡುತ್ತಿದ್ದರು. ಟೀವಿಯಲ್ಲೂ ಅದೇ. ಜ್ಯೋತಿಷಿಯೊಬ್ಬರು ಇದರಿಂದ ಯಾವ ಯಾವ ರಾಶಿಗೆ ಏನೇನು ಕಾದಿದೆ ಎಂದು ಹೆದರಿಸುತ್ತಿದ್ದರು.

“ಕಂಡ್ರಲ್ಲ, ಏಳಿ ಮೇಲೆ” ಎಂದಳು ಅಮ್ಮ.

“ಇದು ಟೀವಿ. ಇವ್ರು ಗ್ರಾಫಿಕ್ಸ್ ಮಾಡ್ತಾರೆ. ಬೇಕಾದ್ರೆ ನಿನ್ನ ಮಗಳ್ನೇ ಕೇಳು.”

“ಮಾಡ್ತಾರಪ್ಪ. ಹೊರಗೆ ಹೋಗಿ ನೋಡಿದ್ರೆ ನಿಜವೋ ಸುಳ್ಳೋ ಗೊತ್ತಾಗುತ್ತೆ” ಎಂದೆ.

ಟೀವಿಯವರ ಸುಳ್ಳು ಹಿಡಿಯುವ ಅವಕಾಶವನ್ನು ಅಪ್ಪ ಯಾವತ್ತೂ ಬಿಟ್ಟವರಲ್ಲ. ದಡದಡ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ತಲೆ ಎತ್ತಿದರು. ಎತ್ತಿದ ತಲೆ ಹಾಗೇ ನಿಂತಿತು.

ಗೋಡೆಯಾಚೆ ದೊಡ್ಡಪ್ಪ ಚಂದ್ರನನ್ನು ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದರು.

“ಕಾಣಿಸ್ತೇನ್ಲಾ?”

ಅಪ್ಪ ಮೋಟುಗೋಡೆಯ ಹತ್ತಿರಕ್ಕೆ ಬಂದರು. ಆಮೇಲೆ, “ಕೆಳಗೆ ನೇತಾಡ್ತಾ ಇರೋದೇನಣ್ಣ, ಪ್ಲೇನಾ?”

“ಪ್ಲೇನಾಗಿದ್ರೆ ಇಷ್ಟೊತ್ತಿಗೆ ಇಳೀತಿರ್ಲಿಲ್ವೇನ್ಲಾ? ಶುಕ್ರ ಕಣ್ಲಾ.”

“ಗುರು ಅಲ್ವಾ?”

“ಗುರು ನಿನ್ನೆ ಚಂದ್ರನ ಕೆಳಗಿದ್ದ. ನೀನು ಟವಲ್ ಹೊದ್ಕೊಂಡು ಓಡಾಡ್ತಿದ್ದೆ, ಎಲ್ಲಿಂದ ಕಾಣ್ಬೇಕು?”

ಅಪ್ಪ ಮೋಟುಗೋಡೆ ದಾಟಿದರು. ಮಂಡಿ ಹಿಡಿದುಕೊಂಡು ಬಗ್ಗಿ ಅಣ್ಣನ ಕಾಲು ಮುಟ್ಟಿದರು. “ಲಿವರ್ ವಿಷ್ಯ ನಾನು ಮರ್ತಿಲ್ಲ” ಎಂದರು, ಬಗ್ಗಿಕೊಂಡೇ.

ದೊಡ್ಡಪ್ಪ ತಲೆಯ ಮೇಲೆ ಕೈಯಿಟ್ಟರು. “ಮರೀಬೇಡ. ನೂರು ವರ್ಷ ಬದುಕಿ ನೆನಪಿಟ್ಕೊ. ಏಳು.”

ಆಮೇಲಿನ ಯುಗಾದಿಗಳಲ್ಲಿ ಇಬ್ಬರೂ ದೊಡ್ಡಪ್ಪನ ತಾರಸಿಯಿಂದಲೇ ಚಂದ್ರನನ್ನು ನೋಡಿದ್ದಾರೆ. ಈ ವರ್ಷ ಹೊಸತೊಡಕಿಗೆ ಗುಡ್ಡೆ ಹಾಕಿದವರು ಅಪ್ಪ. ತಮ್ಮ ಪಾಲಿನಲ್ಲಿ ಬೋಟಿ ಇರಲಿಲ್ಲ ಎಂದು ದೊಡ್ಡಪ್ಪ ಹೇಳಿದ್ದಾರೆ. ಅಂದಿನಿಂದ ಅವರು ಅಪ್ಪನ ಜೊತೆ ಮಾತಾಡಿಲ್ಲ.