ಬೆಣಚುಕಲ್ಲಿನ ಪುಡಿ

ಸಂಡೂರಿನ ಗುಡ್ಡದ ಮೇಲಿನ ಮ್ಯಾಂಗನೀಸ್ ಗಣಿಯಲ್ಲಿ ನನಗೆ ಕೆಲಸ ಕೊಡಿಸಿದವರು ಅಕ್ಕನ ಗಂಡ. ಭಾವ ಅಲ್ಲಿ ಬಂಡೆ ಕೊರೆದು ಸಿಡಿಮದ್ದು ತುಂಬಲು ತೂತು ಮಾಡುತ್ತಿದ್ದರು. ನಾನು ನಾಲ್ಕಕ್ಷರ ಕಲಿತವನೆಂದು ಅದಿರು ಪರೀಕ್ಷಿಸುವ ಶೆಡ್ಡಿಗೆ ಹಾಕಿದರು.

ಶೆಡ್ಡಿನ ಸಾಹೇಬರು ಮದರಾಸಿನಲ್ಲಿ ಓದಿದವರು. ಮೊದಲ ದಿನವೇ ನನ್ನ ಕೈಗೆ ಕಲ್ಲುಗಳನ್ನು ಕೊಟ್ಟು ಗೀರಿ ನೋಡೆಂದರು. ಅಭ್ರಕ ಉಗುರಿಗೇ ಪದರವಾಗಿ ಎದ್ದು ಬಂತು. ಬೆಣಚುಕಲ್ಲಿನ ಮೇಲೆ ಚಾಕು ಎಳೆದರೆ ಕಲ್ಲಿಗೇನೂ ಆಗಲಿಲ್ಲ, ಚಾಕುವಿನ ಮೊನೆಯೇ ಸವೆಯಿತು.

"ಕಲ್ಲಿನೊಳಗಿನ ಕಣಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಅನ್ನೋದೇ ಮುಖ್ಯ," ಎಂದರು ಸಾಹೇಬರು. "ಅಭ್ರಕದಲ್ಲಿ ಪದರದಿಂದ ಪದರಕ್ಕೆ ಹಿಡಿತ ಸಡಿಲ. ಬೆಣಚುಕಲ್ಲಿನಲ್ಲಿ ಎಲ್ಲಾ ಕಡೆಗೂ ಬಿಗಿ."

ಸಂಜೆ ಇದನ್ನು ಹೇಳಿದಾಗ ಭಾವ ನಕ್ಕರು. "ಹಂಗಾರ ನಾ ದಿನಾ ಅದರ ಕೂಡೇ ಗುದ್ದಾಡಾಕತ್ತೀನಿ ನೋಡಪಾ." ನಗು ಕೆಮ್ಮಾಯಿತು. ಅಕ್ಕ ನೀರು ತಂದಳು.

ಆ ಬೇಸಿಗೆಯಲ್ಲಿ ಅದಿರಿನ ನಡುವೆ ಬೆಣಚುಕಲ್ಲಿನ ಪಟ್ಟಿ ಸಿಕ್ಕಿತ್ತು. ತೂತಿಗೆ ನೀರು ಹೊಯ್ದು ಕೊರೆದರೆ ಪುಡಿ ಏಳುವುದಿಲ್ಲ. ಆದರೆ ಗುಡ್ಡದ ಮೇಲೆ ನೀರಿರಲಿಲ್ಲ. ಕೆಳಗಿನಿಂದ ಕತ್ತೆಗಳ ಮೇಲೆ ಬರುತ್ತಿದ್ದದ್ದು ಕುಡಿಯುವುದಕ್ಕೇ ಸಾಲದು. ಭಾವ ಕೇಳಿದರು, ಸಾಹೇಬರೂ ಕೇಳಿದರು. ಗುತ್ತಿಗೆದಾರ ಒಪ್ಪಲಿಲ್ಲ. ಒಣ ಬಂಡೆಯನ್ನೇ ಕೊರೆದರು. ಸಂಜೆ ಇಳಿದು ಬರುವಾಗ ಭಾವನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿರುತ್ತಿದ್ದವು.

ಒಂದೆರಡು ವರ್ಷದಲ್ಲೇ ಏರು ಹತ್ತಲಾಗದಂತಾದರು. ಹೊಸಪೇಟೆಯ ಆಸ್ಪತ್ರೆಗೆ ಗಾಡಿಯಲ್ಲಿ ಕರೆದೊಯ್ದೆವು. ವೈದ್ಯರು ಬೆನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಆಲಿಸಿ, ಎದೆಯೊಳಗೆ ಕಲ್ಲಿನ ಪುಡಿ ಕೂತಿದೆ ಎಂದರು.

"ಔಷಧ ಕೊಟ್ರ ಆ ಪುಡಿ ಹೊರಗ ಬರ್ತೈತೇನ್ರಿ?" ಅಕ್ಕ ಕೇಳಿದಳು.

"ಇಲ್ಲಮ್ಮ. ಅದು ಒಳಗೆ ಕರಗೋದಿಲ್ಲ. ಅದರ ಸುತ್ತ ಪುಪ್ಪುಸವೇ ಗಟ್ಟಿಯಾಗಿಬಿಡ್ತದೆ."

ಗುಡ್ಡದ ಬುಡದ ಮನೆಗೆ ಮರಳಿದ ಮೇಲೆ ಭಾವ ಮಲಗಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಹಾಗೆ ಕೂತಲ್ಲೇ ಒಂದು ಬೆಳಿಗ್ಗೆ ಹೋದರು. ಅಕ್ಕ ಗಂಜಿ ಕಾಯಿಸುತ್ತಿದ್ದಳು. ಕೆಮ್ಮು ನಿಂತದ್ದು ಕೇಳಿ ಅವಳು ಓಡಿ ಬಂದಳು.

ತಿಂಗಳು ತುಂಬುವ ಮೊದಲೇ ಭಾವನ ತಮ್ಮ ನನ್ನ ಬಳಿ ಬಂದ. "ಅಣ್ಣನ ಜಾಗದಾಗ ನನ್ನ ಹಚ್ರಿ."

"ಬ್ಯಾಡಪಾ. ಆ ಕಲ್ಲು ಏನು ಮಾಡ್ತೈತಿ, ನೀನ ಕಣ್ಣಾರೆ ನೋಡೀದಿ."

"ಮನ್ಯಾಗ ಇಷ್ಟು ಮಂದಿ ಅದೀವಿ. ಏನು ತಿನ್ನೂಣು ಹೇಳ್ರಿ?"

ನಾನು ಅವನ ಪರವಾಗಿ ಯಾರನ್ನೂ ಕೇಳಲಿಲ್ಲ. ಅವನು ತಾನೇ ಹೋಗಿ ಗುತ್ತಿಗೆದಾರನನ್ನು ಕಂಡ. ಕೆಲಸದ ಮೊದಲ ದಿನ ಬೆಳಿಗ್ಗೆ ಅಕ್ಕ ತನ್ನ ಸೀರೆಯ ಸೆರಗು ಹರಿದು, ಒದ್ದೆ ಮಾಡಿ, ಮೈದುನನ ಮೂಗುಬಾಯಿಗೆ ಕಟ್ಟಿದಳು. "ಇದು ಒಣಗಾಕ ಬಿಡಬ್ಯಾಡ," ಎಂದಳು.

ಮಧ್ಯಾಹ್ನ ಅದನ್ನು ನೆನೆಸಲೆಂದು ನಾನು ನನ್ನ ಪಾಲಿನ ನೀರು ಹಿಡಿದು ಮೇಲೆ ಹತ್ತಿದೆ. ಅಷ್ಟರಲ್ಲಿ ಬಟ್ಟೆ ಒಣಗಿ ಸೆಟೆದು ನಿಂತಿತ್ತು. ಅದರ ಮೇಲೆಲ್ಲ ಬಿಳಿ ಪುಡಿ. ಅವನು ಬಟ್ಟೆಯನ್ನು ಕೆಳಕ್ಕೆ ಸರಿಸಿ, ನೀರು ಗಟಗಟ ಕುಡಿದು, ಮತ್ತೆ ಸುತ್ತಿಗೆ ಎತ್ತಿದ.