ಮರಿಗಳಿಲ್ಲದ ಚಿಪ್ಪುಗಳು

ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದ ಮಗ ಹಳ್ಳದಲ್ಲಿ ಮೊಣಕಾಲೂರಿ ಬಸವನಹುಳು, ಕಪ್ಪೆಚಿಪ್ಪು ಹುಡುಕುತ್ತಾನೆಂದು ಕೇಳಿ, ಕೊಪ್ಪಳದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮಪ್ಪ ಅಂದದ್ದು ಒಂದೇ ಮಾತು: "ಇಷ್ಟ ಓದಿಸಿದ್ದು ಹುಳಾ ಆರಸಾಕೇನೋ?" ನಾನು ಚೀಲ ಹೆಗಲಿಗೇರಿಸಿ ಹೊರಬಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವನು ನಾನು. ಬಾಯಿ ತೆರೆದಿದ್ದರೆ ಜಗಳವೇ ಆಗುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆಗಳವು. ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಹಳ್ಳಗಳನ್ನೆಲ್ಲ ಚಕ್ಕಡಿಯಲ್ಲಿ ತಿರುಗಿದೆ. ಹುಳು ಸತ್ತರೂ ಚಿಪ್ಪು ಉಳಿಯುತ್ತದೆ; ಯಾವ ಚಿಪ್ಪು ಎಲ್ಲಿ ಸಿಕ್ಕಿತೆಂದು ನೋಡಿದರೆ ಹಿಂದೆ ಅಲ್ಲಿ ಎಂಥ ನೀರಿತ್ತೆಂದು ಹೇಳಬಹುದು. ಕಡೆಗೆ ಅಳವಂಡಿಯ ಆಚೆ ಒಂದು ಹಳ್ಳದ ದಂಡೆ ಕುಸಿದಲ್ಲಿ, ಎರೆಮಣ್ಣಿನ ಕೆಳಗೆ, ಮೊಣಕಾಲೆತ್ತರದ ಕಪ್ಪೆಚಿಪ್ಪಿನ ಪದರ ಕಂಡಿತು. ಆ ಬೆಂಗಾಡಿನಲ್ಲಿ ಒಂದು ಕಾಲಕ್ಕೆ ದೊಡ್ಡ ಕೆರೆ ಇತ್ತೆಂದು ಪ್ರಬಂಧ ಬರೆದು ಗುರುಗಳಿಗೆ ಕಳಿಸಿದೆ. ಅವರು ಅದನ್ನು ವಿದ್ವಾಂಸರ ಸಭೆಯಲ್ಲಿ ಓದಲು ಗೊತ್ತುಮಾಡಿದರು. ಸಭೆ ಒಪ್ಪಿದರೆ ಕಾಲೇಜಿನ ಸಂಶೋಧಕನ ಹುದ್ದೆ ನನ್ನದು, ಇಲ್ಲವಾದರೆ ಅಪ್ಪನ ಅಂಗಡಿಯ ಗಜಕೋಲು.

ಹಳೆಯ ಚಿಪ್ಪಿನ ಪಕ್ಕ ಇಟ್ಟು ತೋರಿಸಲು ಜೀವಂತ ಹುಳುಗಳು ಬೇಕಿದ್ದವು. ಅದಕ್ಕೆಂದು ಹುಲಿಗಿಗೆ ಹೋದೆ. ದೇವಿಯ ಗುಡಿಗೆ ಮಂಗಳವಾರ ನೆರೆದ ಜನ ಕರಗಿದ ಮರುದಿನ, ಹೊಳೆಯ ದಂಡೆಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಮನೆತನದ ಮುದುಕಿಯೊಬ್ಬರು ಜರಡಿಯಂಥ ಸಾಣಿಗೆಯಲ್ಲಿ ಚಿಪ್ಪು ಸಾಣಿಸುತ್ತ ಕೂತಿದ್ದರು. ಬೀಗುತ್ತ ನನ್ನ ಹಳೆಯ ಚಿಪ್ಪುಗಳ ಡಬ್ಬಿ ಬಿಚ್ಚಿದೆ.

"ಯವ್ವಾ, ಇವು ಭಾಳ ಹಳೇವು. ಅಳವಂಡಿ ಹತ್ರ ಹಿಂದಕ ದೊಡ್ಡ ಕೆರಿ ಇತ್ತು, ಅಲ್ಲೀವು."

ಅವರು ಒಂದೊಂದನ್ನೂ ಅಂಗೈಯಲ್ಲಿ ಹೊರಳಿಸಿ ನೋಡಿದರು. "ಇವುಗಳ ಮರಿ ಎಲ್ಲದಾವ್ರಿ, ಸಾಹೇಬ್ರ?"

"ಮರಿ ಯಾವೂ ಸಿಗಲಿಲ್ಲ."

"ಕೆರ್ಯಾಗ ಹುಟ್ಟಿದ್ದು, ಬೆಳದದ್ದು ಎಲ್ಲಾ ಒಂದ ಕಡೆ ಇರತಾವಲ್ಲರಿ. ಇವು ನೋಡಿದ್ರ ಎಲ್ಲಾ ಒಂದ ಅಳತೀವು, ಸಾಣಿಗಿ ಹಿಡದಂಗ ಅದಾವ." ತಮ್ಮ ಸಾಣಿಗೆಯನ್ನೇ ಎತ್ತಿ ತೋರಿಸಿದರು. "ಸಣ್ಣವು ಭಟ್ಟ್ಯಾಗ ಸಂದಿ ಮುಚ್ಚಿ ಗಾಳಿ ಆಡಾಕ ಬಿಡಂಗಿಲ್ರಿ, ಬೆಂಕಿ ಸಾಯತೈತಿ. ಅದಕ್ಕ ನಾವು ಇಲ್ಲೇ ಹೊಳ್ಯಾಗ ಚೆಲ್ಲತೀವಿ. ಇದು ಭಟ್ಟಿಗೆ ಒಯ್ದ ಮಾಲು. ಹಿಂದಿನಾರು ಗುಡಿ ಕಟ್ಟೋ ಜಾಗಾಕ ಚಿಪ್ಪನ್ನ ಹಂಗ ಬಂಡಿ ಮ್ಯಾಲೆ ಒಯ್ದು ಅಲ್ಲೇ ಸುಡತಿದ್ರು. ಸುಟ್ಟ ಸುಣ್ಣಾ ದಾರ್ಯಾಗ ಮಳಿ ಬಿದ್ರ ಕುದ್ದು ಹಾಳಾಗತೈತ್ರಿ."

"ಶಾಸ್ತ್ರದ ಮಾತು ನಿಮಗೇನ ತಿಳಿತೈತಿ," ಎಂದು ಡಬ್ಬಿ ರಪ್ಪನೆ ಮುಚ್ಚಿ ಎದ್ದುಬಂದೆ. ಬೇಕೆಂದು ಹೋಗಿದ್ದ ಹುಳುಗಳನ್ನೂ ಆರಿಸಲಿಲ್ಲ.

ಆದರೆ ಮನೆಗೆ ಮರಳಲಿಲ್ಲ. ನೆಟ್ಟಗೆ ಅಳವಂಡಿಗೆ ಹೋಗಿ ಆ ಪದರದ ಕೆಳಗೆ ಅಗೆದೆ. ಮೊಳದಾಳದಲ್ಲಿ ಬೂದಿ, ಅದರ ಕೆಳಗೆ ಸುಟ್ಟು ಕೆಂಪಾದ ನೆಲ. ಯಾರೋ ಸುಡಲೆಂದು ತಂದು, ಸುಡದೆ ಬಿಟ್ಟುಹೋದ ರಾಶಿ ಅದು. ಆ ಹಳ್ಳದಲ್ಲಿ ಕೂತು ನಾನು ಅತ್ತೆ. ನಾಚಿಕೆ ಯಾಕೆ, ಗಟ್ಟಿಯಾಗಿಯೇ ಅತ್ತೆ.

ಪ್ರಬಂಧ ಹಿಂತೆಗೆದುಕೊಂಡು ಗುರುಗಳಿಗೆ ಹೊಸದಾಗಿ ಬರೆದೆ. ಮೊದಲ ಕರಡಿನಲ್ಲಿ 'ಹುಲಿಗಿಯ ಸುಣ್ಣದ ಮನೆತನದ ಒಬ್ಬ ವೃದ್ಧೆ ಹೇಳಿದಂತೆ' ಎಂಬ ಸಾಲಿತ್ತು. ಸಭೆ ನಕ್ಕೀತೆಂದು ಅದನ್ನು ಹೊಡೆದುಹಾಕಿ, 'ಮರಿಗಳಿಲ್ಲದಿರುವುದು ನನ್ನ ಗಮನಕ್ಕೆ ಬಂದಿತು' ಎಂದು ಬರೆದೆ. ಸಭೆ ನಗಲಿಲ್ಲ. ತನ್ನ ತಪ್ಪನ್ನು ತಾನೇ ಹಿಡಿದ ತರುಣನೆಂದು ಹೊಗಳಿದರು. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿ ಹುದ್ದೆ ಕೊಟ್ಟರು.

ಮುಂದಿನ ವರ್ಷಗಳಲ್ಲಿ ಯಾವ ಹಳೆಯ ಪದರಕ್ಕೆ ಹೋದರೂ ಶಿಷ್ಯರಿಗೆ ನನ್ನ ಮೊದಲ ಪ್ರಶ್ನೆ, "ಮರಿ ಎಲ್ಲಿವೆ?" ಅದು ನನ್ನದೇ ಪದ್ಧತಿಯೆಂದು ಅವರು ತಮ್ಮ ಬರಹಗಳಲ್ಲಿ ಬರೆದರು. ಓದಿದೆ, ತಿದ್ದಲಿಲ್ಲ.

ಹೊಳೆಗೆ ಅಣೆಕಟ್ಟಿನ ಕೆಲಸ ಶುರುವಾದಾಗ ಮನಸ್ಸು ತಡೆಯದೆ ಹುಲಿಗಿಗೆ ಹೋದೆ, ಎಲ್ಲ ಹೇಳಿ ಆ ಮುದುಕಿಯ ಕಾಲಿಗೆ ಬೀಳಬೇಕೆಂದು. ಅದೇ ದಂಡೆಯಲ್ಲಿ ಅದೇ ಸಾಣಿಗೆ ಹಿಡಿದು ಅವರ ಸೊಸೆ ಕೂತಿದ್ದರು. ಮುದುಕಿ ಹೋಗಿ ಮೂರು ಮಳೆಗಾಲ ಕಳೆದಿತ್ತು. ನಾನು ಯಾರೆಂದು ಹೇಳಿದೆ.

ಆಕೆ ಸಾಣಿಗೆ ಕೆಳಗಿಟ್ಟರು. "ಡಬ್ಬಿ ತಂದಿದ್ದ ಸಾಹೇಬ್ರು ನೀವೇನ್ರಿ? ನಮ್ಮತ್ತಿ ಕಡೀತನಕ ಅಂತಿದ್ರು, 'ಓದಿದ ಹುಡುಗ, ಸಿಟ್ಟಾಗಿ ಎದ್ದ ಹೋದ. ನಾ ಏನ ತಪ್ಪ ಮಾತಾಡಿದ್ನೋ' ಅಂತ. ಏನ ತಪ್ಪ ಆಗಿತ್ರಿ?"

"ತಪ್ಪ ನಂದ್ರಿ," ಅಂದೆ. ಕೇಳಬೇಕಾದವರು ಅಲ್ಲಿರಲಿಲ್ಲ.